ಗರ್ಭರಕ್ಷಣೆಗೆ ಹಾರ್ಮೋನ್ ಔಷಧ: ಯಾರಿಗೆ ಹಿತ?

ಗರ್ಭ ನಿಂತ ಸುದ್ದಿ ತಿಳಿದೊಡನೆ ‘ಗರ್ಭ ಗಟ್ಟಿಯಾಗಲು ಮಾತ್ರೆ ಕೊಡಿ’ ಎಂದು ಕೇಳುವ ಕುಟುಂಬಗಳು ಅನೇಕ. ಈ ಔಷಧದ ಗುಣ ಮತ್ತು ಮಿತಿಗಳೆರಡನ್ನೂ ಭಕ್ತಾದಿಗಳು ಅರಿತಿರುವುದು ಒಳಿತು.

ನಾಲ್ಕನೆಯ ತಿಂಗಳವರೆಗೆ ಗರ್ಭ ಜಾರುವುದನ್ನು ಆಯುರ್ವೇದವು ಗರ್ಭಸ್ರಾವವೆಂದೂ, ಐದು ಮತ್ತು ಆರನೆಯ ತಿಂಗಳಲ್ಲಾದರೆ ಗರ್ಭಪಾತವೆಂದೂ ಕರೆಯುತ್ತದೆ. ಆರಂಭದ ವಾರಗಳಲ್ಲಿ ಗರ್ಭಕೋಶದ ಒಳಪದರವನ್ನು ಹದವಾಗಿಟ್ಟು ಕಾಯುವ ಹಾರ್ಮೋನು ಪ್ರೊಜೆಸ್ಟರಾನ್. ಇದನ್ನು ಮೊದಲು ಅಂಡಾಶಯವೂ, ಸುಮಾರು 8ರಿಂದ 10 ವಾರಗಳ ಬಳಿಕ ಮಾಸುವೂ ಸ್ರವಿಸುತ್ತವೆ. ಇದರ ಕೊರತೆಯೇ ಗರ್ಭಸ್ರಾವಕ್ಕೆ ಮೂಲವೆಂಬ ಭಾವನೆಯಿಂದ ಹೊರಗಿನಿಂದ ಹಾರ್ಮೋನು ನೀಡುವ ರೂಢಿ ಬೆಳೆಯಿತು. ಆದರೆ ಆರಂಭದ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಅಂಥ ಗರ್ಭವನ್ನು ಯಾವ ಮಾತ್ರೆಯೂ ಉಳಿಸಲಾರದು.

ಪರೀಕ್ಷಿಸದ ನಂಬಿಕೆಯ ಅಪಾಯವನ್ನು ಇತಿಹಾಸವು ತೋರಿಸಿದೆ. 1940ರ ದಶಕದಿಂದ ಅಮೆರಿಕದಲ್ಲಿ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೊಜೆನ್ ಅನ್ನು ಗರ್ಭಿಣಿಯರಿಗೆ ಧಾರಾಳವಾಗಿ ಕೊಡಲಾಗುತ್ತಿತ್ತು. ಅದರಿಂದ ಪ್ರಯೋಜನವಿಲ್ಲವೆಂದು 1953ರಲ್ಲಿಯೇ ಶಿಕಾಗೋದ ಅಧ್ಯಯನವು ತೋರಿಸಿದರೂ ಬಳಕೆ ನಿಲ್ಲಲಿಲ್ಲ. 1971ರಲ್ಲಿ, ಆ ತಾಯಂದಿರಿಗೆ ಜನಿಸಿದ ಹೆಣ್ಣುಮಕ್ಕಳಲ್ಲಿ ಯೋನಿಯ ಅಪರೂಪದ ಕ್ಯಾನ್ಸರ್ ಬೆಳಕಿಗೆ ಬಂದಿತು.

ಪ್ರೊಜೆಸ್ಟರಾನ್ ಬೇರೆಯೇ ಔಷಧ. ಅದನ್ನು ಎಚ್ಚರದಿಂದ ಪರೀಕ್ಷಿಸಲಾಗಿದೆ. ಆರಂಭದಲ್ಲಿ ರಕ್ತಸ್ರಾವ ಕಂಡ 4,153 ಗರ್ಭಿಣಿಯರ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನವು 2019ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ಶೇ. 75 ಮಂದಿಗೂ, ಪಡೆಯದವರಲ್ಲಿ ಶೇ. 72 ಮಂದಿಗೂ ಜೀವಂತ ಶಿಶು ಜನಿಸಿತು. ಅಂತರ ಅತ್ಯಲ್ಪ. ಆದರೆ ಈ ಮೊದಲು ಮೂರು ಅಥವಾ ಹೆಚ್ಚು ಬಾರಿ ಗರ್ಭಸ್ರಾವವಾಗಿದ್ದವರಲ್ಲಿ ಈ ಪ್ರಮಾಣ ಶೇ. 72 ಮತ್ತು ಶೇ. 57 ಆಗಿತ್ತು. ಆದುದರಿಂದ ಹಿಂದೆ ಒಮ್ಮೆಯಾದರೂ ಗರ್ಭಸ್ರಾವವಾಗಿದ್ದು, ಈಗ ರಕ್ತಸ್ರಾವ ಕಂಡವರಿಗೆ ಮಾತ್ರ ಈ ಔಷಧವನ್ನು ನೀಡಬಹುದೆಂದು 2021ರಲ್ಲಿ ಬ್ರಿಟನ್ನಿನ ಮಾರ್ಗಸೂಚಿ ತಿಳಿಸಿತು.

ಹೀಗಾಗಿ ರಕ್ತಸ್ರಾವವೂ ಇಲ್ಲದೆ, ಹಿಂದೆ ಗರ್ಭನಷ್ಟವೂ ಆಗದ ಗರ್ಭಿಣಿಯು ‘ಇರಲಿ’ ಎಂದು ಇದನ್ನು ಸೇವಿಸಬೇಕಾಗಿಲ್ಲ. ಪ್ರನಾಳ ಶಿಶು ಚಿಕಿತ್ಸೆ, ಗರ್ಭಕಂಠ ಕಿರಿದಾಗಿರುವುದು ಮೊದಲಾದ ಬೇರೆ ಕಾರಣಗಳಿಗೂ ವೈದ್ಯರು ಇದನ್ನು ಕೊಡುವುದುಂಟು. ಅವರನ್ನು ಕೇಳದೆ ನಿಲ್ಲಿಸಲಾಗದು. ರಕ್ತ ಕಂಡರೆ ಮನೆಮದ್ದಾಗಲಿ ನಮ್ಮ ಕಷಾಯಗಳಾಗಲಿ ಎಂದು ಕಾಯದೆ, ಅಂದೇ ಸ್ತ್ರೀರೋಗ ತಜ್ಞರಲ್ಲಿ ಸ್ಕ್ಯಾನಿಂಗ್ ಮಾಡಿಸಬೇಕು. ಗರ್ಭನಾಳದಲ್ಲಿ ನಿಂತ ಗರ್ಭವು ತಾಯಿಯ ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಇನ್ನು, ಭಾರ ಎತ್ತಿದಳು, ಮೆಟ್ಟಿಲು ಹತ್ತಿದಳು ಎಂದು ಸೊಸೆಯನ್ನು ದೂರುವುದು ಸಲ್ಲದು. ವರ್ಣತಂತುಗಳ ದೋಷಕ್ಕೆ ಅವಳು ಹೊಣೆಯಲ್ಲ. ಆಕೆಗೆ ಬೇಕಾದುದು ವಿಶ್ರಾಂತಿ, ಹಿತಮಿತ ಆಹಾರ ಮತ್ತು ಮನೆಯವರ ಸಾಂತ್ವನ.