ಬಸ್ಸುಗಳ ಏರ್ ಸಸ್ಪೆನ್ಷನ್

ಏರ್ ಸಸ್ಪೆನ್ಷನ್ ಎಂಬುದು ವಾಹನದ ಭಾರವನ್ನು ಉಕ್ಕಿನ ಸ್ಪ್ರಿಂಗುಗಳ ಬದಲು ಒತ್ತಡದಲ್ಲಿರುವ ಗಾಳಿಯ ಮೇಲೆ ಹೊರಿಸುವ ವ್ಯವಸ್ಥೆಯಾಗಿದೆ. ಬಸ್ಸು, ಲಾರಿ, ರೈಲುಬೋಗಿ, ಕೆಲವು ಕಾರು ಮತ್ತು ಸೈಕಲ್ಲುಗಳಲ್ಲಿಯೂ ಹಿಮದ ಮೇಲೆ ಓಡುವ ಸ್ನೋಮೊಬೈಲುಗಳಲ್ಲಿಯೂ ಇದು ಬಳಕೆಯಲ್ಲಿದೆ. ಕರ್ನಾಟಕದ ಸಾಮಾನ್ಯ ಪ್ರಯಾಣಿಕರಿಗೆ ಇದು ಪರಿಚಯವಾದುದು ಮುಖ್ಯವಾಗಿ 2000ದ ದಶಕದಲ್ಲಿ ಬಂದ ವೋಲ್ವೊ ಬಸ್ಸುಗಳ ಮೂಲಕ.

ರಚನೆ

ಆಕ್ಸೆಲ್ ಮತ್ತು ಚಾಸಿಯ ನಡುವೆ ದಪ್ಪ ರಬ್ಬರಿನ ಚೀಲಗಳಿರುತ್ತವೆ. ಇವುಗಳನ್ನು ಬೆಲ್ಲೋಸ್ ಎನ್ನುತ್ತಾರೆ. ಎಂಜಿನ್ನಿನಿಂದ ನಡೆಯುವ ಕಂಪ್ರೆಸರ್ ಇವುಗಳಿಗೆ ಗಾಳಿ ಒದಗಿಸುತ್ತದೆ. ಬ್ರೇಕುಗಳಿಗೆ ಬೇಕಾದ ಗಾಳಿಯೂ ಅದೇ ಕಂಪ್ರೆಸರಿನಿಂದ ಬರುವುದರಿಂದ, ಸಸ್ಪೆನ್ಷನ್ನಿನಲ್ಲಿ ಸೋರಿಕೆಯಾದರೂ ಬ್ರೇಕಿನ ಒತ್ತಡ ಉಳಿಯುವಂತೆ ರಕ್ಷಣಾ ವಾಲ್ವನ್ನು ಅಳವಡಿಸಲಾಗಿರುತ್ತದೆ.

ವ್ಯವಸ್ಥೆಯ ಮುಖ್ಯ ಅಂಗ ಲೆವೆಲಿಂಗ್ ವಾಲ್ವ್. ಚಾಸಿಗೆ ಬಿಗಿದ ಈ ವಾಲ್ವಿನ ತೋಳು ಆಕ್ಸೆಲ್‌ಗೆ ಜೋಡಣೆಯಾಗಿರುತ್ತದೆ. ಜನ ಹತ್ತಿ ಬಸ್ಸು ಕುಗ್ಗಿದರೆ ವಾಲ್ವ್ ಬೆಲ್ಲೋಸಿಗೆ ಗಾಳಿ ತುಂಬುತ್ತದೆ; ಜನ ಇಳಿದು ಬಸ್ಸು ಮೇಲೆದ್ದರೆ ಗಾಳಿಯನ್ನು ಹೊರಬಿಡುತ್ತದೆ. ರಸ್ತೆಯ ಪ್ರತಿ ಕುಲುಕಿಗೂ ಗಾಳಿ ವ್ಯಯವಾಗದಂತೆ ಈ ಕ್ರಿಯೆ ತುಸು ತಡವಾಗಿ ನಡೆಯುವಂತೆ ರೂಪಿಸುವುದುಂಟು.

ಬೆಲ್ಲೋಸ್ ಕೇವಲ ಸ್ಪ್ರಿಂಗ್ ಆಗಿದ್ದು, ಅದು ಶಾಕ್ ಅಬ್ಸಾರ್ಬರ್ ಅಲ್ಲ. ಕುಲುಕಾಟವನ್ನು ಅಡಗಿಸಲು ಎಣ್ಣೆ ತುಂಬಿದ ಡ್ಯಾಂಪರುಗಳು ಪ್ರತ್ಯೇಕವಾಗಿ ಬೇಕು. ಸ್ನೋಮೊಬೈಲು ಮತ್ತು ಸೈಕಲ್ಲುಗಳ ‘ಏರ್ ಶಾಕ್’ನಲ್ಲಿ ಗಾಳಿಯ ಸ್ಪ್ರಿಂಗ್ ಹಾಗೂ ಡ್ಯಾಂಪರ್ ಎರಡೂ ಒಂದೇ ಕೊಳವೆಯೊಳಗೆ ಸೇರಿರುವುದರಿಂದ ಈ ಎರಡು ಪದಗಳ ಬಳಕೆಯಲ್ಲಿ ಗೊಂದಲ ಉಂಟಾಗಿದೆ.

ಲೀಫ್ ಸ್ಪ್ರಿಂಗಿನೊಡನೆ ಹೋಲಿಕೆ

ಲೀಫ್ ಸ್ಪ್ರಿಂಗ್ ಎಂದರೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಅದರ ಬಿಗುವು ಬಹುಮಟ್ಟಿಗೆ ಸ್ಥಿರವಾದುದು. ಖಾಲಿ ಬಸ್ಸಿನ 4 ಟನ್ ಭಾರಕ್ಕೆ 10 ಸೆಂಟಿಮೀಟರ್ ಕುಗ್ಗುವ ಸ್ಪ್ರಿಂಗ್, 6 ಟನ್ ಭಾರಕ್ಕೆ 15 ಸೆಂಟಿಮೀಟರ್ ಕುಗ್ಗುತ್ತದೆ. ತುಂಬಿದ ಬಸ್ಸನ್ನು ಹೊರಲೆಂದು ಬಿಗುವನ್ನು ಹೆಚ್ಚಿಸಿದರೆ ಅದೇ ಬಸ್ಸು ಖಾಲಿಯಿದ್ದಾಗ ಕುಣಿಯುತ್ತದೆ. ಖಾಲಿ ಬಸ್ಸಿನ ಹಿಂದಿನ ಆಸನದಲ್ಲಿ ಕುಳಿತವರಿಗೆ ಇದು ತಿಳಿದ ಸಂಗತಿಯೇ.

ಅದೇ ಆಕ್ಸೆಲ್‌ಗೆ ಸುಮಾರು 25 ಸೆಂಟಿಮೀಟರ್ ವ್ಯಾಸದ ಎರಡು ಬೆಲ್ಲೋಸ್ ಇದ್ದರೆ, ಪ್ರತಿಯೊಂದರ ಮೇಲೆ 2 ಟನ್ ಭಾರವಿದ್ದಾಗ ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋಗ್ರಾಂ ಒತ್ತಡ ಸಾಕು. ಭಾರ 3 ಟನ್ನಿಗೆ ಏರಿದಾಗ ಒತ್ತಡ ಸುಮಾರು 6 ಕಿಲೋಗ್ರಾಂಗೆ ಏರುತ್ತದೆ. ಬಸ್ಸಿನ ಎತ್ತರ ಮಾತ್ರ ಬದಲಾಗುವುದಿಲ್ಲ. ಒತ್ತಡದೊಂದಿಗೆ ಬಿಗುವೂ ಹೆಚ್ಚುವುದರಿಂದ ಬಸ್ಸು ತೂಗಾಡುವ ವೇಗ ಖಾಲಿಯಿದ್ದಾಗಲೂ ತುಂಬಿದಾಗಲೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಏರ್ ಸಸ್ಪೆನ್ಷನ್ನಿನ ಮೇಲ್ಮೆಗೆ ಗಾಳಿಯ ಮೃದುತ್ವಕ್ಕಿಂತ ಇದೇ ಮುಖ್ಯ ಕಾರಣ.

ಆದರೆ ಲೀಫ್ ಸ್ಪ್ರಿಂಗ್ ಏಕಕಾಲಕ್ಕೆ ಮೂರು ಕೆಲಸಗಳನ್ನು ಮಾಡುತ್ತದೆ: ಭಾರ ಹೊರುತ್ತದೆ, ಆಕ್ಸೆಲ್ಲನ್ನು ಅದರ ಸ್ಥಾನದಲ್ಲಿ ಹಿಡಿದಿಡುತ್ತದೆ, ಪಟ್ಟಿಗಳ ಪರಸ್ಪರ ಘರ್ಷಣೆಯಿಂದ ಕುಲುಕಾಟವನ್ನೂ ಸ್ವಲ್ಪ ತಗ್ಗಿಸುತ್ತದೆ. ಬೆಲ್ಲೋಸ್ ಭಾರವನ್ನಷ್ಟೇ ಹೊರುತ್ತದೆ. ಆಕ್ಸೆಲ್ಲನ್ನು ಹಿಡಿಯಲು ಪ್ರತ್ಯೇಕ ರಾಡುಗಳು, ತಿರುವುಗಳಲ್ಲಿ ಬಸ್ಸು ವಾಲದಂತೆ ತಡೆಯಲು ಆಂಟಿ-ರೋಲ್ ಬಾರ್, ಸಮರ್ಥವಾದ ಡ್ಯಾಂಪರುಗಳು ಇವೆಲ್ಲ ಬೇಕಾಗುವುದರಿಂದ ಬೆಲೆಯೂ ನಿರ್ವಹಣೆಯ ಹೊಣೆಯೂ ಹೆಚ್ಚುತ್ತವೆ.

ಇತಿಹಾಸ

ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ 1953ರಿಂದ ದೂರಪ್ರಯಾಣದ ಬಸ್ಸುಗಳಲ್ಲಿ ಏರ್ ಸಸ್ಪೆನ್ಷನ್ ಅಳವಡಿಸಿತು. 1955ರ ಸಿಟ್ರೊಯೆನ್ ಡಿಎಸ್ ಕಾರಿನಲ್ಲಿ ನೈಟ್ರೋಜನ್ ಅನಿಲ ಮತ್ತು ಎಣ್ಣೆಯನ್ನು ಕೂಡಿಸಿದ ವ್ಯವಸ್ಥೆಯಿತ್ತು.

ಭಾರತದಲ್ಲಿ ವೋಲ್ವೊ ಕಂಪನಿಯ ಬಿ7ಆರ್ ಬಸ್ಸು 2001ರಲ್ಲಿ ಬಂದಿತು. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಇಂಥ ಬಸ್ಸುಗಳನ್ನು ‘ಐರಾವತ’ ಎಂಬ ಹೆಸರಿನಲ್ಲಿ ಓಡಿಸಿತು. 2006ರಲ್ಲಿ ಬೆಂಗಳೂರಿನ ನಗರ ಸಾರಿಗೆಗೂ ತಗ್ಗು ನೆಲದ ವೋಲ್ವೊ ಬಸ್ಸುಗಳು ಬಂದವು. ಬೆಂಗಳೂರು ಮತ್ತು ಮಂಗಳೂರಿನ ನಡುವಿನ ಸುಮಾರು 350 ಕಿಲೋಮೀಟರ್ ದಾರಿಯಲ್ಲಿ, ಅದರಲ್ಲೂ ಶಿರಾಡಿ ಘಾಟಿಯ ತಿರುವುಗಳಲ್ಲಿ, ಹಳೆಯ ಬಸ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಪ್ರಯಾಣಿಕರಿಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಮಂಗಳೂರಿನ ನಗರ ಬಸ್ಸುಗಳು

ಬೆಂಗಳೂರಿಗಿಂತ ಭಿನ್ನವಾಗಿ ಮಂಗಳೂರಿನ ನಗರ ಸಾರಿಗೆಯ ಬಹುಪಾಲು ಖಾಸಗಿ ಮಾಲಕರ ಕೈಯಲ್ಲಿದೆ. ಈ ಬಸ್ಸುಗಳಲ್ಲಿ ಸಾಮಾನ್ಯವಾಗಿ ಇರುವುದು ಲೀಫ್ ಸ್ಪ್ರಿಂಗ್. ಸ್ಟೇಟ್‌ಬ್ಯಾಂಕ್ ನಿಲ್ದಾಣದ ಕಡೆ ಸಾಗುವ ಅನೇಕ ಬಸ್ಸುಗಳು ನಗರದ ಹೃದಯಭಾಗವಾದ ಹಂಪನಕಟ್ಟೆಯನ್ನು ಹಾದುಹೋಗುತ್ತವೆ. ವೆನ್‌ಲಾಕ್ ಆಸ್ಪತ್ರೆ, ವಿಶ್ವವಿದ್ಯಾನಿಲಯ ಕಾಲೇಜು, ಮಿಲಾಗ್ರಿಸ್ ಚರ್ಚ್ ಮೊದಲಾದವು ಇದೇ ಪರಿಸರದಲ್ಲಿರುವುದರಿಂದ ಇಲ್ಲಿ ಒಮ್ಮೆಗೇ ಬಹಳ ಜನ ಇಳಿಯುವುದೂ ಹತ್ತುವುದೂ ಇದೆ. ಕೆಲವೇ ನಿಮಿಷಗಳಲ್ಲಿ ಬಸ್ಸಿನ ಭಾರ ಇಷ್ಟು ಬದಲಾಗುವ ಕಡೆ ಏರ್ ಸಸ್ಪೆನ್ಷನ್ ಸಹಜವಾದ ಆಯ್ಕೆಯೆಂದು ತೋರುತ್ತದೆ. ಆದರೆ ಪ್ರತಿ ಹೊಂದಾಣಿಕೆಗೂ ಗಾಳಿ ವ್ಯಯವಾಗುತ್ತದೆ. ನಿಲ್ದಾಣಗಳು ಹೆಚ್ಚಾದಷ್ಟೂ, ಬ್ರೇಕಿನ ಬಳಕೆಯೂ ಜೊತೆಗೂಡಿ, ಕಂಪ್ರೆಸರಿನ ದುಡಿಮೆ ಹೆಚ್ಚುತ್ತದೆ.

ಕರಾವಳಿಯ ಹವೆ ಇನ್ನೊಂದು ತೊಡಕು. ತೇವ ಹೆಚ್ಚಿರುವ ಗಾಳಿಯನ್ನು ಒತ್ತಿದಾಗ ನೀರು ಟ್ಯಾಂಕಿನಲ್ಲಿ ಶೇಖರವಾಗುತ್ತದೆ. ಏರ್ ಡ್ರೈಯರ್ ಕೆಟ್ಟಿದ್ದು, ಟ್ಯಾಂಕಿನ ನೀರನ್ನೂ ಕಾಲಕಾಲಕ್ಕೆ ಹೊರಬಿಡದಿದ್ದರೆ ವಾಲ್ವುಗಳು ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತವೆ. ರಾತ್ರಿ ನಿಲ್ಲಿಸಿದ ಬಸ್ಸು ಬೆಳಗ್ಗೆ ಒಂದು ಬದಿಗೆ ವಾಲಿ ನಿಂತಿದ್ದರೆ ಆ ಬದಿಯಲ್ಲಿ ಸೋರಿಕೆಯಿರುವ ಸಾಧ್ಯತೆಯೇ ಹೆಚ್ಚು. ಬೆಲ್ಲೋಸ್ ಒಡೆದರೆ ಒಳಗಿರುವ ರಬ್ಬರ್ ದಿಮ್ಮಿಯ ಮೇಲೆ ಬಸ್ಸನ್ನು ನಿಧಾನವಾಗಿ ಡಿಪೋಗೆ ಒಯ್ಯಬಹುದು, ಆದರೆ ಟ್ರಿಪ್ ಮುಂದುವರಿಸಲಾಗದು. ಮುರಿದ ಲೀಫನ್ನು ಸಾಧಾರಣ ಗ್ಯಾರೇಜಿನಲ್ಲೂ ಬದಲಿಸಬಹುದು. ಒಂದೆರಡು ಬಸ್ಸುಗಳಷ್ಟೇ ಇರುವ ಮಾಲಕರಿಗೆ ಬಸ್ಸು ನಿಂತ ದಿನವೆಂದರೆ ಗಳಿಕೆಯಿಲ್ಲದ ದಿನ. ಅವರು ಲೀಫ್ ಸ್ಪ್ರಿಂಗನ್ನೇ ಬಳಸುವುದನ್ನು ಕೇವಲ ಜಿಪುಣತನ ಎನ್ನಲಾಗದು.

ಈ ಲೆಕ್ಕದಲ್ಲಿ ಹೊರಗುಳಿಯುವುದು ಮೆಟ್ಟಿಲಿನ ಎತ್ತರ. ಕೇಂದ್ರ ಸರ್ಕಾರದ ನಗರ ಬಸ್ ಮಾನದಂಡಗಳಲ್ಲಿ 400, 650 ಮತ್ತು 900 ಮಿಲಿಮೀಟರ್ ನೆಲದ ಎತ್ತರದ ವರ್ಗಗಳಿವೆ. ಏರ್ ಸಸ್ಪೆನ್ಷನ್ ಇರುವ ತಗ್ಗು ನೆಲದ ಬಸ್ಸು ನಿಲ್ದಾಣದಲ್ಲಿ ಬಾಗಿಲಿನ ಬದಿಯ ಗಾಳಿಯನ್ನು ಬಿಟ್ಟು ಇನ್ನೂ ಕೆಲವು ಸೆಂಟಿಮೀಟರ್ ತಗ್ಗಬಲ್ಲುದು. ಲೀಫ್ ಸ್ಪ್ರಿಂಗಿಗೆ ಇದು ಸಾಧ್ಯವಿಲ್ಲ. ಆಸ್ಪತ್ರೆಗೆ ಬರುವ ವೃದ್ಧರಿಗೂ ಅಂಗವಿಕಲರಿಗೂ ಇದು ಸೌಕರ್ಯಕ್ಕಿಂತ ಹೆಚ್ಚಾಗಿ ಬಸ್ಸು ಹತ್ತಲು ಸಾಧ್ಯವೇ ಇಲ್ಲವೇ ಎಂಬ ಪ್ರಶ್ನೆ.

ಆಯ್ಕೆ

ಸ್ನೋಮೊಬೈಲಿನಲ್ಲಿ ಏರ್ ಶಾಕ್ ಆರಿಸುವವರು ಮುಖ್ಯವಾಗಿ ಗಮನಿಸುವುದು ತೂಕದ ಉಳಿತಾಯವನ್ನು ಮತ್ತು ಕೈಪಂಪಿನಿಂದಲೇ ಬಿಗುವನ್ನು ಬದಲಿಸುವ ಅನುಕೂಲವನ್ನು. ಅಲ್ಲಿನ ತೊಡಕು ಚಳಿ: ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ನಿಂದ ಮೈನಸ್ 20ಕ್ಕೆ ಇಳಿದರೆ ಮುಚ್ಚಿದ ಶಾಕಿನೊಳಗಿನ ಗಾಳಿಯ ನಿರಪೇಕ್ಷ ಒತ್ತಡ ಸುಮಾರು ಶೇ. 14ರಷ್ಟು ಕುಸಿಯುತ್ತದೆ. ಬಸ್ಸಿನಲ್ಲಿ ಲೆವೆಲಿಂಗ್ ವಾಲ್ವ್ ಒತ್ತಡವನ್ನು ತಾನೇ ಸರಿದೂಗಿಸುವುದರಿಂದ ಈ ಸಮಸ್ಯೆಯಿಲ್ಲ.

ಬಸ್ಸಿನ ಮಟ್ಟಿಗೆ ನೋಡಬೇಕಾದುದು ಖಾಲಿ ಮತ್ತು ತುಂಬಿದ ಭಾರಗಳ ಅಂತರ, ನೆಲದ ಎತ್ತರ, ಕಂಪ್ರೆಸರಿನ ಸಾಮರ್ಥ್ಯ ಹಾಗೂ ಬಿಡಿಭಾಗಗಳು ಊರಿನಲ್ಲೇ ದೊರೆಯುತ್ತವೆಯೇ ಎಂಬುದು. ಹಿಂದಿನ ಆಕ್ಸೆಲ್‌ಗೆ ಮಾತ್ರ ಬೆಲ್ಲೋಸ್ ಇದ್ದು ಮುಂದೆ ಲೀಫ್ ಸ್ಪ್ರಿಂಗ್ ಇರುವ ಚಾಸಿಗಳೂ ಇವೆ. ನಡುದಾರಿಯಾಗಿ ಇವು ಉಪಯುಕ್ತ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ತಯಾರಕರ ವಿವರಗಳಿಂದ ಭಿನ್ನವಾಗುವ ಮಾರ್ಪಾಡುಗಳನ್ನು ನಿರ್ಬಂಧಿಸುವುದರಿಂದ, ಚಾಸಿ ಕೊಳ್ಳುವಾಗಲೇ ಈ ನಿರ್ಧಾರ ಆಗಿರಬೇಕು. ಡ್ಯಾಂಪರುಗಳನ್ನು ಬದಲಿಸುವಾಗಲೂ ಲೀಫ್ ಸ್ಪ್ರಿಂಗ್ ಬಸ್ಸಿನವು ಹೊಂದುವುದಿಲ್ಲ. ಪಟ್ಟಿಗಳ ಘರ್ಷಣೆಯ ನೆರವನ್ನು ಲೆಕ್ಕಕ್ಕೆ ಹಿಡಿದು ಮಾಡಿದ ಅವು ಬೆಲ್ಲೋಸಿನ ಮೇಲಿರುವ ಬಸ್ಸಿನ ಕುಲುಕಾಟವನ್ನು ಬೇಗ ನಿಲ್ಲಿಸಲಾರವು.