ಹೆಸರಿನ ಕೊನೆಯ ಸ್ವರ

ಆಕಾಶವಾಣಿಯಲ್ಲಿ ಒಂದು ಹೆಸರು ಕೇಳಿಬಂದಾಗ ಅದು ಗಂಡಸಿನದೋ ಹೆಂಗಸಿನದೋ ಎಂಬುದನ್ನು ನಾವು ಕಿವಿಯಿಂದಲೇ ನಿರ್ಣಯಿಸಬೇಕಾಗುತ್ತದೆ. ‘ವಿಮಲ’ ಎಂದರೆ ಮೈಸೂರಿನವರ ಕಿವಿಗೆ ಹೆಣ್ಣುಮಗಳು. ವಂಗದೇಶದಲ್ಲಾದರೋ ಅದೇ ಶಬ್ದವು ‘ಬಿಮಲ್’ ಎಂದಾಗಿ ಗಂಡಸಿಗೆ ಸಲ್ಲುತ್ತದೆ; ಚಲನಚಿತ್ರಗಳಿಂದ ಹೆಸರಾದ ಬಿಮಲ್ ರಾಯ್ (1909–1966) ಅವರನ್ನು ನೆನೆದರೆ ಸಾಕು.

ಈ ಗೊಂದಲದ ಬೇರು ಸಂಸ್ಕೃತದಲ್ಲಿಲ್ಲ. ಅಲ್ಲಿ ಲೆಕ್ಕವು ಚೊಕ್ಕಟವಾಗಿದೆ: ‘ವಿಮಲ’ ಪುಲ್ಲಿಂಗ, ‘ವಿಮಲಾ’ ಸ್ತ್ರೀಲಿಂಗ, ಕೃಷ್ಣ ಎಂದರೆ ದೇವಕಿಯ ಮಗ, ಕೃಷ್ಣಾ ಎಂದರೆ ದ್ರೌಪದಿ. ಒಂದು ಮಾತ್ರೆಯ ಕಾಲ ಹೆಚ್ಚಾಗಿ ಎಳೆದರೆ ವ್ಯಕ್ತಿಯೇ ಬೇರೆ. ಈ ಒಂದು ಮಾತ್ರೆಯನ್ನು ದೇಶಭಾಷೆಗಳು ಒಂದೊಂದು ಬಗೆಯಾಗಿ ನಡೆಸಿಕೊಂಡಿವೆ. ಹಿಂದಿಯವರೂ ಮರಾಠಿಯವರೂ ಕೊನೆಯ ಹ್ರಸ್ವ ಅಕಾರವನ್ನು ನುಂಗಿ ‘ರಾಮ್’, ‘ಕಮಲ್’ ಎನ್ನುವರು. ಆದಕಾರಣ ಹೆಸರಿನ ಕೊನೆಯಲ್ಲಿ ಅಕಾರವು ಸ್ವಲ್ಪ ಕೇಳಿಸಿದರೂ ಅದು ದೀರ್ಘವೆಂದೂ, ಹೆಸರು ಹೆಣ್ಣಿನದೆಂದೂ ಅವರಿಗೆ ತೋರುವುದು ಸಹಜ. ನಮ್ಮ ಪದ್ಧತಿ ಇದಕ್ಕೆ ವ್ಯತಿರಿಕ್ತ. ನಾವು ಹ್ರಸ್ವವನ್ನು ಜೋಪಾನವಾಗಿ ಉಳಿಸಿಕೊಂಡು, ದೀರ್ಘವನ್ನು ಮೊಟಕುಮಾಡುವೆವು. ಹೀಗಾಗಿ ನಮ್ಮ ಬಾಯಲ್ಲಿ ಜಯ ವಿಜಯರು ವೈಕುಂಠದ ದ್ವಾರಪಾಲಕರೂ ಹೌದು, ನೆರೆಮನೆಯ ಅಕ್ಕತಂಗಿಯರೂ ಹೌದು.

ಹಳಗನ್ನಡವು ಇದಕ್ಕೆ ಒಳ್ಳೆಯ ಪರಿಹಾರವನ್ನು ಕಂಡುಕೊಂಡಿತ್ತು. ಕೊನೆಯ ಆಕಾರವನ್ನು ಎಕಾರವಾಗಿಸಿ ಸೀತೆ, ರಾಧೆ ಎಂದಿತು. ಕೃಷ್ಣ ದೇವರು, ಕೃಷ್ಣೆ ನದಿ; ಇಲ್ಲಿ ಯಾರೂ ಎಡವುವುದಿಲ್ಲ. ಆದರೆ ಈ ಎಕಾರವು ಕಾವ್ಯಕ್ಕೂ ಪುರಾಣಕ್ಕೂ ಮೀಸಲಾಯಿತು. ಮಗಳಿಗೆ ‘ವಿಮಲೆ’ ಎಂದು ಹೆಸರಿಟ್ಟ ತಂದೆತಾಯಿಗಳನ್ನು ನಾವಂತೂ ಕಂಡಿಲ್ಲ.

ಮನೆಮಾತು ಬೇರೊಂದು ಉಪಾಯವನ್ನು ಹಿಡಿಯಿತು. ಚೆನ್ನಪ್ಪ, ಚೆನ್ನಮ್ಮ, ಧಾರವಾಡದ ಕಡೆ ಬಸಪ್ಪ, ಬಸವ್ವ. ಮೂಲಶಬ್ದ ಒಂದೇ ಆದರೂ ಅಪ್ಪ ಅಮ್ಮಂದಿರು ಬೆನ್ನಿಗೆ ನಿಂತು ಸಂಶಯವನ್ನು ಕಳೆಯುವರು. ಪಂಜಾಬಿನ ಸಿಖ್ಖರಲ್ಲಿ ಸಿಂಗ್ ಮತ್ತು ಕೌರ್ ಎಂಬ ಶಬ್ದಗಳು ಮಾಡುವ ಕೆಲಸವೂ ಇದೇ. 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರಿಗೆ ‘ಬಾಯಿ’ ಎಂಬುದು ಎಷ್ಟು ಉಪಕಾರ ಮಾಡಿತೆಂಬುದನ್ನು ತಿಳಿಯಬೇಕಾದರೆ ‘ರಾಮ’ ಮತ್ತು ‘ರಮಾ’ ಎರಡನ್ನೂ ಇಂಗ್ಲಿಷ್ ಲಿಪಿಯಲ್ಲಿ ಬರೆದು ನೋಡಬೇಕು: ಎರಡಕ್ಕೂ ಅವೇ ನಾಲ್ಕು ಅಕ್ಷರಗಳು! ನಗರಗಳ ನಾಗರಿಕತೆಯು ‘ಅಮ್ಮ’ನಲ್ಲಿ ಹಳ್ಳಿಯ ವಾಸನೆಯನ್ನು ಕಂಡು ಅವಳನ್ನು ಹೊರಗೆ ಕಳುಹಿಸಿದ ಮೇಲೆ, ಭಾರವೆಲ್ಲವೂ ನಾವು ಸರಿಯಾಗಿ ಉಚ್ಚರಿಸದ ಆ ಒಂದು ಸ್ವರದ ಮೇಲೆ ಬಿದ್ದಿದೆ.

ಇದು ಕೇವಲ ಪಂಡಿತರ ವಿನೋದವೆಂದು ನಾವೂ ಒಮ್ಮೆ ಭಾವಿಸಿದ್ದೆವು. ನಮ್ಮಲ್ಲಿ ಓದಿದ ವಿಮಲ ಎಂಬ ವಿದ್ಯಾರ್ಥಿನಿಯು ಮುಂದಿನ ವ್ಯಾಸಂಗಕ್ಕಾಗಿ ಉತ್ತರದ ಒಂದು ವಿದ್ಯಾಸಂಸ್ಥೆಗೆ ಅರ್ಜಿ ಹಾಕಿದಳು. ಅದನ್ನು ನಾಗರೀ ಲಿಪಿಯಲ್ಲಿ ಬರೆಯಬೇಕಾಗಿತ್ತು. ಕನ್ನಡದಲ್ಲಿ ಬರೆಯುತ್ತಿದ್ದಂತೆಯೇ ಅಕ್ಷರಕ್ಕೆ ಅಕ್ಷರವಿಟ್ಟು ಹೆಸರನ್ನು ಬರೆದಳು. ಅಲ್ಲಿ ಅದನ್ನು ‘ವಿಮಲ್’ ಎಂದು ಓದಿ, ಗಂಡುಮಕ್ಕಳ ವಿದ್ಯಾರ್ಥಿನಿಲಯದಲ್ಲಿ ಕೋಣೆಯನ್ನು ಗೊತ್ತುಮಾಡಿದರು. ಎರಡು ರಾತ್ರಿ ರೈಲಿನಲ್ಲಿ ಕಳೆದು ತಂದೆಯೊಡನೆ ಅಲ್ಲಿಗೆ ಹೋದಾಗ, ಹೆಣ್ಣುಮಕ್ಕಳ ನಿಲಯವು ಆಗಲೇ ಭರ್ತಿಯಾಗಿತ್ತು. ಊರಿನಲ್ಲಿ ಪರಿಚಿತರಿರಲಿಲ್ಲ. ತಂದೆ ಮಗಳನ್ನು ಹಿಂದಕ್ಕೆ ಕರೆತಂದರು. ಒಂದು ವರ್ಷ ವ್ಯರ್ಥವಾಯಿತು. ಕಳುಹಿಸುವ ಮುನ್ನ ಆ ಅರ್ಜಿಯನ್ನು ಓದಿ, ಎಲ್ಲವೂ ಸರಿಯಾಗಿದೆ ಎಂದು ಹೇಳಿದವರು ನಾವೇ.

ಮರುವರ್ಷ ಅವಳು ಬರೆದ ಅರ್ಜಿಯಲ್ಲಿ ಲಕಾರಕ್ಕೆ ದೀರ್ಘವಿತ್ತು. ಮನೆಯಲ್ಲಿ ಮಾತ್ರ ಯಾರೂ ಹಾಗೆ ಎಳೆದು ಕರೆಯುವುದಿಲ್ಲವಂತೆ. ಅಲ್ಲಿ ಅವಳು ‘ವಿಮಲು’.