ಅಡಿಗೆಮನೆಯಲ್ಲಿ ದೇವರ ಸಾನ್ನಿಧ್ಯ

ಬೆಳಗಿನ ಎಂಟು ಗಂಟೆಯ ಸಮಯ. ಒಲೆಯ ಮೇಲೆ ಅನ್ನ ಕುದಿಯುತ್ತಿದೆ. ಮಕ್ಕಳಲ್ಲಿ ಒಬ್ಬನಿಗೆ ಪೆನ್ಸಿಲು ಸಿಕ್ಕಿಲ್ಲ; ಇನ್ನೊಬ್ಬಳಿಗೆ ಜಡೆ ಹಾಕುವವರಿಲ್ಲ. ಆಫೀಸಿನ ಬಸ್ಸು ತಪ್ಪೀತೆಂದು ಮನೆಯ ಯಜಮಾನರು ಗಡಿಯಾರವನ್ನೂ ಬಾಗಿಲನ್ನೂ ಒಂದೇ ಸಮನೆ ನೋಡುತ್ತಿದ್ದಾರೆ. ಇಂಥ ಗಡಿಬಿಡಿಯ ನಡುವೆ ದೇವರ ಧ್ಯಾನದ ಮಾತೆತ್ತಿದರೆ ಯಾರಿಗಾದರೂ ನಗು ಬಂದೀತು. ‘ಪುರಸೊತ್ತಾದಾಗ ನೋಡೋಣ’ ಎಂಬುದೇ ಎಲ್ಲರ ಉತ್ತರ. ಆ ಪುರಸೊತ್ತು ಎಷ್ಟೋ ಜನಕ್ಕೆ ಪಿಂಚಣಿ ಬಂದ ಮೇಲೂ ಒದಗುವುದಿಲ್ಲ.

ಈ ತೊಡಕು ಇಂದು ನಿನ್ನೆಯದಲ್ಲ. ಎಡೆಬಿಡದೆ ಪ್ರಾರ್ಥಿಸಬೇಕೆಂದು ಸಂತ ಪೌಲನು ಥೆಸಲೋನಿಕದ ಕ್ರೈಸ್ತರಿಗೆ ಪತ್ರ ಬರೆದು ಎರಡು ಸಾವಿರ ವರ್ಷಗಳಾಗುತ್ತ ಬಂದವು. ದುಡಿದು ಉಣ್ಣಬೇಕಾದವನು ಎಡೆಬಿಡದೆ ಪ್ರಾರ್ಥಿಸುವುದಾದರೂ ಹೇಗೆ ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು. ಅದಕ್ಕೆ ಬಹು ಸರಳವಾದ ಉತ್ತರವೊಂದು ಹದಿನೇಳನೆಯ ಶತಮಾನದಲ್ಲಿ, ಪ್ಯಾರಿಸ್ ನಗರದ ಒಂದು ಮಠದ ಅಡಿಗೆಮನೆಯಲ್ಲಿ ದೊರೆಯಿತು. ಉತ್ತರವಿತ್ತವನು ಕುಂಟುಗಾಲಿನ ಒಬ್ಬ ಮಾಜಿ ಸಿಪಾಯಿ.

ಅವನ ಹೆಸರು ನಿಕೊಲಾ ಎರ್ಮನ್. ಇಂದು ಫ್ರಾನ್ಸಿಗೆ ಸೇರಿರುವ ಲೊರೇನ್ ಪ್ರಾಂತದಲ್ಲಿ, ಲ್ಯೂನೆವಿಲ್ ಪಟ್ಟಣದ ಸಮೀಪದ ಎರಿಮೆನಿಲ್ ಎಂಬ ಹಳ್ಳಿಯಲ್ಲಿ, 1614ರ ಸುಮಾರಿಗೆ ಹುಟ್ಟಿದನು. ಮನೆತನ ಬಡದು; ಓದು ಅಲ್ಪ. ಹದಿನೆಂಟನೆಯ ವಯಸ್ಸಿನಲ್ಲಿ, ಚಳಿಗಾಲದ ಒಂದು ದಿನ, ಎಲೆಯುದುರಿ ಬೋಳಾಗಿ ನಿಂತ ಮರವೊಂದು ಅವನ ಕಣ್ಣಿಗೆ ಬಿತ್ತು. ಸ್ವಲ್ಪ ಕಾಲದಲ್ಲಿ ಇದೇ ಮರ ಚಿಗುರುತ್ತದೆ, ಹೂವಾಗುತ್ತದೆ, ಕಾಯಿ ಬಿಡುತ್ತದೆ ಎಂಬ ಯೋಚನೆ ಮನಸ್ಸಿನಲ್ಲಿ ಸುಳಿಯಿತು. ಎಲ್ಲರೂ ವರ್ಷ ವರ್ಷವೂ ಕಾಣುವ ನೋಟ ಅದು. ಆದರೆ ಆ ಒಂದು ಗಳಿಗೆಯಲ್ಲಿ ದೇವರ ಶಕ್ತಿಯೂ ವಾತ್ಸಲ್ಯವೂ ಅವನ ಹೃದಯದಲ್ಲಿ ಅಚ್ಚೊತ್ತಿದಂತೆ ನಿಂತುಬಿಟ್ಟವು.

ಮರ ಕಂಡ ಮಾತ್ರಕ್ಕೆ ಬದುಕು ಹಸನಾಗಲಿಲ್ಲ. ಆಗ ಯೂರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ಭುಗಿಲೆದ್ದಿದ್ದ ಕಾಲ. ಸಿಪಾಯಿಯಾಗಿದ್ದ ನಿಕೊಲಾ ಒಮ್ಮೆ ಜರ್ಮನ್ ದಳದ ಕೈಗೆ ಸಿಕ್ಕಿದನು. ಗೂಢಚಾರನೆಂದು ಸಂಶಯಪಟ್ಟ ಅವರು ನೇಣಿಗೇರಿಸುವ ಬೆದರಿಕೆ ಹಾಕಿದರು. ತನ್ನ ಮನಸ್ಸಾಕ್ಷಿ ಶುದ್ಧವಾಗಿದೆ, ಸಾವಿಗೆ ಅಂಜುವ ಕಾರಣವಿಲ್ಲ ಎಂದು ಅವನು ನಿಶ್ಚಿಂತನಾಗಿ ನುಡಿದುದನ್ನು ಕಂಡು ಬಿಟ್ಟುಬಿಟ್ಟರು. ಮುಂದೆ ಸ್ವೀಡನ್ನಿನವರ ದಾಳಿಯಲ್ಲಿ ಬಿದ್ದ ಪೆಟ್ಟಿನಿಂದ ಕಾಲು ಊನವಾಯಿತು, ಸಿಪಾಯಿಗಿರಿ ಮುಗಿಯಿತು. ಬಳಿಕ ಶ್ರೀಮಂತರೊಬ್ಬರ ಮನೆಯಲ್ಲಿ ಆಳಾಗಿ ನಿಂತನು. ಅಲ್ಲಿ ಮುಟ್ಟಿದ್ದನ್ನೆಲ್ಲ ಒಡೆಯುತ್ತಿದ್ದ ಒರಟು ಕೈಯವನು ತಾನೆಂದು ಮುಂದೆ ಅವನೇ ಹೇಳಿಕೊಂಡದ್ದುಂಟು.

1640ರಲ್ಲಿ ಅವನು ಪ್ಯಾರಿಸಿನ ಕಾರ್ಮೆಲೈಟ್ ಮಠವನ್ನು ಸೇರಿದನು. ಪಾದ್ರಿಯಾಗುವಷ್ಟು ವಿದ್ಯೆ ಇರಲಿಲ್ಲ. ಮೈಮುರಿದು ದುಡಿಯುವ ಸೇವಕ ಸೋದರರ ಸಾಲಿನಲ್ಲಿ ಸ್ಥಾನ ದೊರೆಯಿತು. ಅಲ್ಲಿ ಅವನಿಗೆ ‘ಪುನರುತ್ಥಾನದ ಲಾರೆನ್ಸ್’ ಎಂಬ ಹೊಸ ಹೆಸರಾಯಿತು. ತನ್ನ ಒರಟುತನಕ್ಕೆ ಮಠದಲ್ಲಿ ತಕ್ಕ ಶಾಸ್ತಿಯಾದೀತು, ಆ ನೋವನ್ನೆಲ್ಲ ದೇವರಿಗೆ ಅರ್ಪಿಸಿಬಿಡೋಣ ಎಂದು ಎಣಿಸಿ ಬಂದಿದ್ದವನು ಆತ. ದೇವರು ತನಗೆ ನಿರಾಶೆ ಮಾಡಿದನು, ಇಲ್ಲಿ ಸಂತೋಷವೇ ದೊರೆಯಿತು ಎಂದು ಮುಪ್ಪಿನಲ್ಲಿ ನಗುನಗುತ್ತ ಹೇಳುತ್ತಿದ್ದನಂತೆ.

ಆದರೆ ಆ ಸಂತೋಷ ಸುಲಭವಾಗಿ ಕೈಗೆ ಬಂದುದಲ್ಲ. ಮಠದಲ್ಲಿ ಆತನಿಗೆ ವಹಿಸಿದ್ದು ಅಡಿಗೆಯ ಕೆಲಸ. ಅದೋ, ಸ್ವಭಾವತಃ ಆತನಿಗೆ ಬೇಡವಾದ ಕೆಲಸ. ಅದರಲ್ಲಿಯೇ ಹದಿನೈದು ವರ್ಷಗಳು ಕಳೆದವು. ನಡುನಡುವೆ ಮಠಕ್ಕೆ ಬೇಕಾದ ದ್ರಾಕ್ಷಾರಸವನ್ನು ಕೊಂಡು ತರಲು ದೂರದ ಪ್ರಾಂತಗಳಿಗೆ ಹೋಗಬೇಕಾಗುತ್ತಿತ್ತು. ವ್ಯಾಪಾರದ ಜಾಣ್ಮೆ ಇಲ್ಲ. ಕುಂಟುಗಾಲಿನಲ್ಲಿ ದೋಣಿಯ ಮೇಲೆ ಅತ್ತಿತ್ತ ಹೋಗಬೇಕಾದರೆ ಪೀಪಾಯಿಗಳ ಮೇಲೆ ಹೊರಳುತ್ತ ಸಾಗಬೇಕು. ಇದು ನಿನ್ನ ಕೆಲಸ, ನೀನೇ ನೋಡಿಕೋ ಎಂದು ದೇವರಿಗೆ ಹೇಳಿ ಹೊರಡುತ್ತಿದ್ದನು. ಹೇಗಾಯಿತೆಂದು ತಿಳಿಯದಿದ್ದರೂ ಕೆಲಸ ಚೆನ್ನಾಗಿಯೇ ಆಗಿರುತ್ತಿತ್ತು.

ಹೊರಗಿನ ಕಷ್ಟಕ್ಕಿಂತ ಒಳಗಿನ ಕಷ್ಟ ಘೋರವಾಗಿತ್ತು. ಮೊದಲ ಹತ್ತು ವರ್ಷಗಳ ಕಾಲ ಆತನ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಹಿಂದಿನ ಪಾಪಗಳು ಕಣ್ಣೆದುರಿಗೆ ಬಂದು ನಿಲ್ಲುತ್ತಿದ್ದವು. ತನಗೆ ಮುಕ್ತಿಯಿಲ್ಲವೆಂಬ ನಂಬಿಕೆ ನಾಲ್ಕು ವರ್ಷಗಳು ಎದೆಯನ್ನು ಕೊರೆಯಿತು; ಯಾರ ಸಮಾಧಾನವೂ ನಾಟಲಿಲ್ಲ. ಕೊನೆಗೊಂದು ದಿನ ಆತನು ತನ್ನೊಳಗೆ ಒಂದು ತೀರ್ಮಾನಕ್ಕೆ ಬಂದನು: ಗತಿ ಏನಾದರೂ ಆಗಲಿ, ಬದುಕಿರುವಷ್ಟು ಕಾಲ ಮಾಡುವುದನ್ನೆಲ್ಲ ದೇವರ ಪ್ರೀತಿಗಾಗಿಯೇ ಮಾಡುವುದು, ಈ ಕಳವಳ ಸಾಯುವ ತನಕ ಇದ್ದರೂ ಇರಲಿ. ಫಲದ ಲೆಕ್ಕವನ್ನು ಹೀಗೆ ಕೈಬಿಟ್ಟ ಮೇಲೆ ಹೊರೆ ಇಳಿಯಿತು. ಕಳೆದುಕೊಳ್ಳಲು ಸಿದ್ಧನಾದವನಿಗೆ ಶಾಂತಿ ತಾನಾಗಿ ಬಂದೊದಗಿತು.

ಆತನ ಸಾಧನೆಯಲ್ಲಿ ಗುಟ್ಟೇನೂ ಇರಲಿಲ್ಲ. ಕೆಲಸಕ್ಕೆ ಕೈಹಚ್ಚುವ ಮುನ್ನ ದೇವರ ನೆರವು ಬೇಡಿ ಒಂದು ಚಿಕ್ಕ ಪ್ರಾರ್ಥನೆ. ಕೆಲಸದ ನಡುವೆ, ಪಕ್ಕದಲ್ಲಿರುವ ಆಪ್ತನೊಡನೆಂಬಂತೆ ಆಗಾಗ ಮನಸ್ಸಿನಲ್ಲಿಯೇ ಒಂದೆರಡು ಮಾತು. ಕೆಲಸ ಮುಗಿದ ಮೇಲೆ ಒಂದು ಆತ್ಮಪರೀಕ್ಷೆ: ಒಳ್ಳೆಯದಾಗಿದ್ದರೆ ಕೃತಜ್ಞತೆ, ಕೆಟ್ಟಿದ್ದರೆ ಕ್ಷಮಾಯಾಚನೆ. ಬಾಣಲೆಯಲ್ಲಿ ಬೇಯುವ ಮೊಟ್ಟೆಯ ದೋಸೆಯನ್ನು ಮಗುಚುವುದಾಗಲಿ, ನೆಲದ ಮೇಲಿನ ಒಂದು ಹುಲ್ಲುಕಡ್ಡಿಯನ್ನು ಎತ್ತುವುದಾಗಲಿ, ದೇವರ ಪ್ರೀತಿಗಾಗಿ ಮಾಡಿದರೆ ಅದು ಕಿರಿದಲ್ಲವೆಂಬುದು ಆತನ ನಿಲುವು. ಕಾಯಕಕ್ಕೆ ಪೂಜೆಯ ಗೌರವವನ್ನಿತ್ತ ಶರಣರ ನಾಡಿನವರಿಗೆ ಇದು ತೀರ ಅಪರಿಚಿತವೆನಿಸದು.

ಇಷ್ಟಾಗಿಯೂ ಆತನಿಂದ ಕಲಿಯಬೇಕಾದ ಮುಖ್ಯ ಪಾಠ ಇನ್ನೊಂದಿದೆ. ಈ ಸ್ಮರಣೆಯನ್ನು ಆತನೂ ದಿನಕ್ಕೆ ಹಲವು ಸಲ ಮರೆಯುತ್ತಿದ್ದನು. ಮನಸ್ಸು ಎತ್ತಲೋ ಓಡುತ್ತಿತ್ತು. ಅಭ್ಯಾಸ ಕೈಗೂಡಲು ವರ್ಷಗಳೇ ಹಿಡಿದವು. ಆದರೆ ಮರೆತೆನಲ್ಲ ಎಂದು ಹಲುಬುತ್ತ ಕೂರುವುದು ಆತನ ರೀತಿಯಲ್ಲ. ನೀನು ಕೈಬಿಟ್ಟರೆ ನನ್ನಿಂದ ಇಷ್ಟೇ ಆಗುವುದು ಎಂದು ದೇವರ ಮುಂದೆ ಒಪ್ಪಿಕೊಂಡು, ಮತ್ತೆ ಕೆಲಸಕ್ಕೆ ತಿರುಗುತ್ತಿದ್ದನು. ಕ್ರೈಸ್ತರು ‘ಕೃಪೆ’ ಎಂದು ಕರೆಯುವುದರ ಮೇಲೆ ಆತನಿಗಿದ್ದ ಭರವಸೆ ಅಂಥದು. ದಿನಕ್ಕೆ ಹತ್ತು ಸಲ ಸಿಟ್ಟಾಗಿ, ಹತ್ತು ಸಲವೂ ತಮ್ಮನ್ನು ತಾವೇ ಹಳಿದುಕೊಂಡು ಕುಗ್ಗುವ ತಾಯಿತಂದೆಯರಿಗೆ ಇದಕ್ಕಿಂತ ದೊಡ್ಡ ಧೈರ್ಯದ ಮಾತು ಬೇಕಿಲ್ಲ. ಎಡವಿದವನು ಎದ್ದು ಬಂದರೆ ಸಾಕು. ಎಡವಿದ ಲೆಕ್ಕವನ್ನು ಇಡುವ ಅಗತ್ಯವಿಲ್ಲ.

ಕಾಲಿನ ಹುಣ್ಣು ಹೆಚ್ಚಿದ ಮೇಲೆ ಲಾರೆನ್ಸನಿಗೆ ಕುಳಿತು ಮಾಡುವ ಕೆಲಸ ಕೊಟ್ಟರು. ಅದು ಮಠದವರ ಪಾದರಕ್ಷೆಗಳನ್ನು ಹೊಲಿಯುವುದು. ಅಲ್ಲಿಯೂ ಆತನು ಅದೇ ಆತನಾಗಿಯೇ ಇದ್ದನು. ಕ್ರಮೇಣ ಪ್ಯಾರಿಸಿನ ಹಿರಿಯರು ಈ ಸೋದರನನ್ನು ಹುಡುಕಿಕೊಂಡು ಬರತೊಡಗಿದರು. 1666ರಲ್ಲಿ ಜೋಸೆಫ್ ದ ಬೋಫೋರ್ ಎಂಬ ಪಾದ್ರಿ ಆತನೊಡನೆ ಮಾತುಕತೆಗೆ ತೊಡಗಿ, ಕೇಳಿದ್ದನ್ನು ಬರೆದಿಟ್ಟುಕೊಂಡನು. ಪ್ರಸಿದ್ಧ ಲೇಖಕನಾದ ಫೆನೆಲೋನನು ಕಾಣಲು ಹೋದಾಗ ಲಾರೆನ್ಸನಿಗೆ ವಿಪರೀತ ಕಾಯಿಲೆ. ಮುಖದಲ್ಲಿ ಮಾತ್ರ ಅದೇ ಉಲ್ಲಾಸ. 1691ರ ಫೆಬ್ರವರಿ 12ರಂದು ಆತನು ತೀರಿಕೊಂಡನು.

ಆತನು ಗ್ರಂಥವೊಂದನ್ನೂ ಬರೆಯಲಿಲ್ಲ. ಆತನ ಕೆಲವು ಪತ್ರಗಳನ್ನೂ ಮಾತುಗಳನ್ನೂ ಬೋಫೋರನು ಸಂಗ್ರಹಿಸಿ 1692ರಲ್ಲಿಯೂ 1694ರಲ್ಲಿಯೂ ಪ್ರಕಟಿಸಿದನು. ‘ದೇವರ ಸಾನ್ನಿಧ್ಯದ ಅಭ್ಯಾಸ’ ಎಂಬರ್ಥದ ಹೆಸರಿನಿಂದ ಆ ಕಿರುಹೊತ್ತಗೆ ಲೋಕವನ್ನೆಲ್ಲ ಸುತ್ತಿತು. ಕ್ಯಾಥೊಲಿಕ್ ಮಠದ ಅಡಿಗೆಯವನ ಮಾತುಗಳನ್ನು ಪ್ರೊಟೆಸ್ಟಂಟರೂ ಆದರದಿಂದ ಬರಮಾಡಿಕೊಂಡರು. ಮೆಥಡಿಸ್ಟ್ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯು ತನ್ನ ಕ್ರೈಸ್ತ ಗ್ರಂಥಮಾಲೆಯಲ್ಲಿ ಅವಕ್ಕೆ ಎಡೆಗೊಟ್ಟನು.

ಲಾರೆನ್ಸನ ಅಡಿಗೆಮನೆ ಕೊನೆಯವರೆಗೂ ಅಡಿಗೆಮನೆಯಾಗಿಯೇ ಉಳಿಯಿತು. ಹೊಗೆ ಕಡಿಮೆಯಾಗಲಿಲ್ಲ, ತೊಳೆಯಬೇಕಾದ ಪಾತ್ರೆಗಳ ಸಂಖ್ಯೆ ತಗ್ಗಲಿಲ್ಲ. ಯಾರಿಗಾಗಿ ತೊಳೆಯುತ್ತಿದ್ದೇನೆಂಬ ಅರಿವು ಮಾತ್ರ ಆತನಲ್ಲಿ ಬೆಳೆಯುತ್ತ ಹೋಯಿತು. ನಾಳೆ ಬೆಳಗ್ಗೆ ಎಂಟು ಗಂಟೆಗೂ ಮನೆಮನೆಯಲ್ಲಿ ಅನ್ನ ಕುದಿಯುತ್ತದೆ, ಪೆನ್ಸಿಲು ಕಾಣೆಯಾಗುತ್ತದೆ, ಬಸ್ಸಿನ ಹೊತ್ತು ಮೀರುತ್ತದೆ. ಆ ಗದ್ದಲದ ನಡುವೆ, ಕೈಯಲ್ಲಿ ಸೌಟು ಹಿಡಿದು ನಿಂತವರು ಅರೆಗಳಿಗೆ ಒಳಗೆ ತಿರುಗಿ ನೋಡುವುದಕ್ಕೆ ಪುರಸೊತ್ತು ಬೇಕಾಗುವುದಿಲ್ಲ.